ಆಮೇಲೆ ಕೊಡಿ ಅನ್ನೋ ಬಟನ್ ಒತ್ತೋಕೆ ಮುಂಚೆ

ಪೇ ಲೇಟರಲ್ಲಿ, ಅಂದ್ರೆ ವಸ್ತು ಈಗ ತಗೊಂಡು ದುಡ್ಡು ಆಮೇಲೆ ಕಂತಲ್ಲಿ ಕಟ್ಟೋದ್ರಲ್ಲಿ, ನಂದು ಮೂರು ಕಂತು ನಡೀತಿದೆ ಅಂದ್ಕೊಂಡಿದ್ದೆ. ಒಂದು ಭಾನುವಾರ ಬೇರೆ ಏನೋ ಹುಡುಕ್ತಾ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ಏಳು! ಏಳರಲ್ಲಿ ಎರಡು ಯಾವುದಕ್ಕೆ ಅಂತಾನೇ ನೆನಪಿಲ್ಲ, ಹಳೇ ಮೇಲ್ ಕೆದಕಿದ ಮೇಲೆ ಒಂದು ಹೆಡ್‌ಫೋನು, ಇನ್ನೊಂದು ಒಂದೇ ಸಲ ಹಾಕಿದ ಶೂ ಅಂತ ಗೊತ್ತಾಯ್ತು. ಒಂದೊಂದನ್ನೇ ನೋಡಿದ್ರೆ ಯಾವುದೂ ದೊಡ್ಡ ಮೊತ್ತ ಅಲ್ಲ, ಅದೇ ಅದರ ಆಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಈಗ ಹಾಸಿಗೇನೂ ಕಂತಲ್ಲೇ ಬರುತ್ತೆ, ಅದು ಎಷ್ಟುದ್ದ ಇತ್ತು ಅಂತ ಗೊತ್ತಾಗೋದು ಕೊನೇ ಕಂತು ಕಟ್ಟಿದ ಮೇಲೆ.

ಅವತ್ತಿಂದ ನಾನು ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು ಯಾವುದು ಬರ್ಲಿಲ್ಲ ಅನ್ನೋದನ್ನ ಒಂದಾದ ಮೇಲೊಂದು ಬರೀತೀನಿ. ಶಾಪಿಂಗೇ ಬಿಟ್ಬಿಡಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ.

ಮೊದಲ ಕೆಲಸ: ಲೆಕ್ಕ ಹೊರಗೆ ತೆಗೀರಿ

ಹೊಸ ರೂಲ್ಸು, ಬಜೆಟ್ಟು, ಶಪಥ ಯಾವುದೂ ಈಗ್ಲೇ ಬೇಡ. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಕಾರ್ಡ್ ಸ್ಟೇಟ್‌ಮೆಂಟು ಎರಡನ್ನೂ ತೆಗೆದು ಮುಂದೆ ಇಟ್ಕೊಳ್ಳಿ, ನಡೀತಿರೋ ಪ್ರತಿ ಕಂತನ್ನ ಒಂದು ಹಾಳೆ ಮೇಲೆ ಬರೀರಿ. ವಸ್ತು ಏನು, ಒಟ್ಟು ಎಷ್ಟು, ಇನ್ನೆಷ್ಟು ಬಾಕಿ, ಯಾವ ತಾರೀಕು ಕಟ್ ಆಗುತ್ತೆ, ಯಾವ ಅಕೌಂಟಿಂದ, ಲೇಟಾದ್ರೆ ಫೀ ಎಷ್ಟು. ಆಪ್ ಒಳಗೆ ತೋರಿಸೋದನ್ನ ನಂಬ್ಕೊಂಡು ಬರೀಬೇಡಿ, ಯಾಕಂದ್ರೆ ಪ್ರತಿ ಆಪ್ಪೂ ತನ್ನ ಕಂತು ಮಾತ್ರ ತೋರಿಸುತ್ತೆ, ಪಕ್ಕದ ಆಪ್ಪಲ್ಲಿ ನೀವೆಷ್ಟು ತಗೊಂಡಿದೀರಿ ಅಂತ ಅದಕ್ಕೆ ಎಷ್ಟೋ ಸಲ ಗೊತ್ತೂ ಇರಲ್ಲ. ಎಲ್ಲಾ ಒಟ್ಟಿಗೆ ಕಾಣೋ ಜಾಗ ಈ ಎರಡು ಸ್ಟೇಟ್‌ಮೆಂಟೇ.

ಇದು ನನ್ನೊಬ್ಬನ ಕಥೆ ಅಂದ್ಕೊಂಡಿದ್ದೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ, ಅದೇ ಸಿಎಫ್‌ಪಿಬಿ, 2025ರ ಜನವರಿಯಲ್ಲಿ ಅಲ್ಲಿನ ಲೆಕ್ಕ ಹೊರಗೆ ಹಾಕ್ತು. ಪೇ ಲೇಟರ್ ಬಳಸೋರಲ್ಲಿ ಐದರಲ್ಲಿ ಮೂರು ಜನಕ್ಕಿಂತ ಜಾಸ್ತಿ ವರ್ಷದಲ್ಲಿ ಯಾವಾಗಾದ್ರೂ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಸಾಲ ಇಟ್ಕೊಂಡಿದ್ರು, ಮೂರರಲ್ಲಿ ಒಬ್ಬರು ಬೇರೆ ಬೇರೆ ಕಂಪನಿಗಳಿಂದ ತಗೊಂಡಿದ್ರು. ಅಂದ್ರೆ ಸಾಲದ ಮೇಲೆ ಸಾಲ ಅಟ್ಟಿ ಹಾಕೋದು ಅಪರೂಪ ಏನಲ್ಲ, ಈ ವ್ಯವಸ್ಥೆ ಮಾಮೂಲಿಯಾಗಿ ನಡೆಯೋದೇ ಹಾಗೆ.

ಹಾಳೆ ತುಂಬಿದ ಮೇಲೆ ಕೆಳಗೆ ಒಂದೇ ಸಂಖ್ಯೆ ಬರೀರಿ: ಮುಂದಿನ ತಿಂಗಳು ಒಟ್ಟು ಎಷ್ಟು ಹೋಗುತ್ತೆ. ಆ ಸಂಖ್ಯೆ ನೋಡಿ ಬೇಜಾರಾದ್ರೆ ಆಗ್ಲಿ, ಅವತ್ತು ಇನ್ನೇನೂ ಮಾಡಬೇಡಿ.

ಬಡ್ಡಿ ಇಲ್ಲದೆ ಅವರು ಯಾಕೆ ಕೊಡ್ತಾರೆ?

ಸ್ಟೆಪ್ಪಿಗೆ ಮುಂಚೆ ಇದೊಂದು ಅರ್ಥ ಮಾಡ್ಕೊಂಡ್ರೆ ಮುಂದಿನದು ಸಲೀಸು. ಪೇ ಲೇಟರ್ ಕಂಪನಿಗಳಲ್ಲಿ ಸ್ವೀಡನ್ನಿನ ಕ್ಲಾರ್ನಾ 2005ರಲ್ಲಿ, ಅಮೆರಿಕದ ಅಫರ್ಮ್ 2012ರಲ್ಲಿ, ಆಸ್ಟ್ರೇಲಿಯಾದ ಆಫ್ಟರ್‌ಪೇ 2014ರಲ್ಲಿ ಶುರುವಾದವು, ಆಮೇಲೆ ಬಹಳ ಕಡೆ ಹರಡಿದ ಮಾದರಿ ಇದು. ನಾಲ್ಕು ಕಂತು, ಬಡ್ಡಿ ಸೊನ್ನೆ. ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂದ್ರೆ ಬಹುಪಾಲು ಅಂಗಡಿಯವರಿಂದ, ಪ್ರತಿ ಮಾರಾಟದ ಮೇಲೆ ಕಮಿಷನ್, ಅದೂ ಸಾಮಾನ್ಯವಾಗಿ ಕಾರ್ಡ್ ಕಮಿಷನ್ನಿಗಿಂತ ಜಾಸ್ತಿ. ಅಂಗಡಿಯವನು ಜಾಸ್ತಿ ಕಮಿಷನ್ ಕೊಟ್ಟೂ ಆ ಬಟನ್ ಇಟ್ಕೊಂಡಿದಾನೆ ಅಂದ್ರೆ ಅವನಿಗೆ ಅದರಿಂದ ಏನೋ ಸಿಗ್ತಿರ್ಬೇಕಲ್ವಾ? ಸಿಗ್ತಿರೋದು ಇಷ್ಟೇ, ಬಿಟ್ಟು ಹೋಗ್ತಿದ್ದೋರು ಬಿಟ್ಟು ಹೋಗಲ್ಲ, ಒಂದು ತಗೋಳ್ಳೋರು ಎರಡು ತಗೋತಾರೆ.

ದುಡ್ಡು ಕೈಯಿಂದ ಹೋಗೋವಾಗ ಒಂದು ಚುರುಕ್ ಅನ್ಸುತ್ತೆ ನೋಡಿ, ಆ ನೋವಿನ ಬಗ್ಗೆ ಡ್ರಾಜೆನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಅನ್ನೋ ಸಂಶೋಧಕರು 1998ರಲ್ಲೇ ಬರೆದಿದ್ರು. ಆಮೇಲೆ 2001ರಲ್ಲಿ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಐಟಿಯ ಎಂಬಿಎ ವಿದ್ಯಾರ್ಥಿಗಳ ಹತ್ರ ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಮಾಡಿಸಿದ್ದನ್ನ ಪ್ರಕಟಿಸಿದ್ರು. ಅರ್ಧ ಜನ ಕ್ಯಾಶ್ ಕೊಡ್ಬೇಕು, ಅರ್ಧ ಜನ ಕಾರ್ಡು. ಕಾರ್ಡಿನವರು ಕೂಗಿದ್ದು ಹತ್ತಿರ ಹತ್ತಿರ ಎರಡು ಪಟ್ಟು! ಟಿಕೆಟ್ ಅದೇ, ಜನ ಅಂಥವರೇ, ಕೊಡೋ ವಿಧಾನ ಒಂದೇ ಬೇರೆ. ಪೇ ಲೇಟರ್ ಅಂದ್ರೆ ಕಾರ್ಡಿಗಿಂತ ಇನ್ನೊಂದು ಹೆಜ್ಜೆ ಮುಂದೆ, ಬೇಕು ಅನ್ಸೋ ಕ್ಷಣ ಇವತ್ತು, ಚುರುಕ್ ಅನ್ನೋದು ಆರು ವಾರಕ್ಕೆ ಹರಡಿ, ಅದೂ ನಾಲ್ಕು ತುಂಡಾಗಿ. ನಾನು ಹೇಳೋ ಎಲ್ಲಾ ಸ್ಟೆಪ್ಪಿನ ಕೆಲಸಾನೂ ಒಂದೇ, ಅವರು ತೆಗೆದು ಹಾಕಿರೋ ತೊಡಕನ್ನ ವಾಪಸ್ ತಂದು ದಾರೀಲಿ ಇಡೋದು.

ಎರಡನೇ ಕೆಲಸ: ಫೋನಲ್ಲಿ ಅಡ್ಡಗಲ್ಲು ಇಡಿ

ಕ್ಲಿಕ್ ಕಮ್ಮಿ ಆದಷ್ಟೂ ಮಾರಾಟ ಜಾಸ್ತಿ ಅನ್ನೋದು ಆನ್‌ಲೈನ್ ಅಂಗಡಿಯವರಿಗೆ ಬಹಳ ಹಿಂದೇನೇ ಗೊತ್ತಿತ್ತು, ಎಷ್ಟು ಅಂದ್ರೆ ಒಂದೇ ಕ್ಲಿಕ್ಕಲ್ಲಿ ಕೊಳ್ಳೋ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದಲ್ಲಿ ಪೇಟೆಂಟೇ ತಗೊಂಡಿತ್ತು, 2000ದಲ್ಲಿ ಆಪಲ್ ಕಂಪನಿ ಅದಕ್ಕೆ ಲೈಸೆನ್ಸ್ ಪಡೀತು, 2017ರಲ್ಲಿ ಅವಧಿ ಮುಗಿದ ಮೇಲೆ ಯಾರು ಬೇಕಾದ್ರೂ ಹಾಕ್ಕೋಬಹುದು ಅಂತಾಯ್ತು. ಒಂದು ಕ್ಲಿಕ್ ಉಳಿಸೋದಕ್ಕೆ ಅಷ್ಟು ಬೆಲೆ ಇದ್ರೆ, ಒಂದು ಕ್ಲಿಕ್ ಜಾಸ್ತಿ ಮಾಡೋದಕ್ಕೆ ನಮಗೂ ಅಷ್ಟೇ ಬೆಲೆ ಇರ್ಬೇಕು.

ಮೊದ್ಲು ಸೇವ್ ಆಗಿರೋ ಕಾರ್ಡೆಲ್ಲ ಡಿಲೀಟ್ ಮಾಡಿ. ಶಾಪಿಂಗ್ ಆಪ್ಪಿಂದ ತೆಗೆದ್ರೆ ಸಾಲ್ದು, ಬ್ರೌಸರಿನ ಆಟೋಫಿಲ್ಲಲ್ಲಿ ಒಂದು ಕೂತಿರುತ್ತೆ, ಫೋನಿನ ವ್ಯಾಲೆಟ್ಟಲ್ಲಿ ಇನ್ನೊಂದು. ನಂಬರ್ ಪ್ರತಿ ಸಲ ಕಾರ್ಡ್ ನೋಡ್ಕೊಂಡೇ ಹೊಡೀಬೇಕು, ಕಾರ್ಡು ಬೇರೆ ರೂಮಲ್ಲಿರ್ಬೇಕು. ತಮಾಷೆ ಅನ್ಸುತ್ತೆ, ಆದ್ರೆ ಹಾಸಿಗೆಯಿಂದ ಎದ್ದು ಹೋಗಿ ಕಾರ್ಡ್ ತರೋದಕ್ಕೆ ಸೋಮಾರಿತನ ಆಗಿ ಬಿಟ್ಟ ಆರ್ಡರುಗಳೇ ನನ್ನ ದೊಡ್ಡ ಉಳಿತಾಯ, ಇಚ್ಛಾಶಕ್ತಿ ಅಲ್ಲ.

ಆಮೇಲೆ ಡೀಫಾಲ್ಟ್ ಪೇಮೆಂಟ್ ಏನಿದೆ ನೋಡಿ. ಎಷ್ಟೋ ಕಡೆ ಒಂದ್ಸಲ ಪೇ ಲೇಟರ್ ಬಳಸಿದ್ರೆ ಮುಂದಿನ ಸಲ ಅದೇ ಮೊದ್ಲು ಟಿಕ್ ಆಗಿ ಬರುತ್ತೆ. ಅದನ್ನ ಬದಲಾಯಿಸಿ, ಪೇ ಲೇಟರ್ ಅಕೌಂಟನ್ನೇ ಕ್ಲೋಸ್ ಮಾಡೋ ಆಪ್ಷನ್ ಇದ್ರೆ ಬಾಕಿ ತೀರಿಸಿ ಮಾಡ್ಬಿಡಿ, ಇಲ್ಲಾಂದ್ರೆ ಲಿಮಿಟ್ ಕಮ್ಮಿ ಮಾಡಿ ಅಂತ ಕೇಳಿ. "ನಿಮ್ಮ ಲಿಮಿಟ್ ಹೆಚ್ಚಿಸಲಾಗಿದೆ, ಅಭಿನಂದನೆಗಳು" ಅಂತ ಮೆಸೇಜ್ ಬರುತ್ತಲ್ಲ, ಅದರಲ್ಲಿ ಅಭಿನಂದನೆ ಯಾರಿಗೆ ಅಂತ ನನಗಿನ್ನೂ ಅರ್ಥ ಆಗಿಲ್ಲ.

ನೋಟಿಫಿಕೇಶನ್ ಆಫ್, ಆಫರ್ ಮೇಲ್ ಅನ್‌ಸಬ್‌ಸ್ಕ್ರೈಬ್, ಆಪ್ ಡಿಲೀಟ್ ಮಾಡಿ ಬ್ರೌಸರಲ್ಲಿ ಲಾಗಿನ್ ಆಗಿ ಮಾತ್ರ ಕೊಳ್ಳೋದು. ಇದೆಲ್ಲ ಎಲ್ಲರೂ ಹೇಳೋದೇ, ಹತ್ತು ನಿಮಿಷದ ಕೆಲಸ.

ಮೂರನೇ ಕೆಲಸ: ಕಾಯೋ ಪಟ್ಟಿ, ಆದ್ರೆ ಆಪ್ ಒಳಗಲ್ಲ

ಇಪ್ಪತ್ನಾಲ್ಕು ಗಂಟೆ ಕಾಯಿರಿ ಅಂತ ಎಲ್ಲಾರೂ ಹೇಳ್ತಾರೆ, ನಾನೂ ಮಾಡಿ ನೋಡಿದೆ, ಒಂದು ತಿಂಗಳು ಏನೂ ಪ್ರಯೋಜನ ಆಗ್ಲಿಲ್ಲ. ಯಾಕಂದ್ರೆ ನಾನು ಕಾಯ್ತಿದ್ದಿದ್ದು ಆಪ್ಪಿನ ವಿಶ್‌ಲಿಸ್ಟಲ್ಲಿ ಹಾಕಿ. ವಿಶ್‌ಲಿಸ್ಟ್ ಸುಮ್ನೆ ಕೂರುತ್ತಾ? ಬೆಲೆ ಇಳಿದಿದೆ, ಎರಡೇ ಉಳಿದಿದೆ, ನಿಮ್ಮ ಕಾರ್ಟ್ ನಿಮಗಾಗಿ ಕಾಯ್ತಿದೆ ಅಂತ ದಿನಕ್ಕೆ ಎರಡ್ಸಲ ತಿವೀತಿತ್ತು. ಅದು ಕಾಯೋ ಪಟ್ಟಿ ಅಲ್ಲ, ನಿಮ್ಮ ವೀಕ್‌ನೆಸ್ ಏನು ಅಂತ ನೀವೇ ಬರೆದು ಅವರ ಕೈಗೆ ಕೊಟ್ಟ ಚೀಟಿ.

ಆಮೇಲೆ ಒಂದು ಪುಟ್ಟ ನೋಟ್‌ಬುಕ್ ಇಟ್ಟೆ. ವಸ್ತು, ತಾರೀಕು, ಅವತ್ತಿನ ಬೆಲೆ ಬರೆಯೋದು, ಜೊತೆಗೆ ಇನ್ನೊಂದು ಕಾಲಂ, ಇದನ್ನ ನೋಡೋಕೆ ಒಂದು ಗಂಟೆ ಮುಂಚೆ ಏನಾಗಿತ್ತು. ಎರಡು ತಿಂಗಳಾದ ಮೇಲೆ ಓದಿದ್ರೆ ನಾಚಿಕೆ ಆಗೋಷ್ಟು ಒಂದೇ ಥರ ಇತ್ತು. ರಾತ್ರಿ ಹನ್ನೊಂದರ ಮೇಲೆ, ಆಫೀಸಲ್ಲಿ ಯಾರೋ ಏನೋ ಅಂದ ದಿನ, ಯಾರಿಗೋ ಕಾಯ್ತಾ ಸುಮ್ನೆ ಕೂತಿದ್ದಾಗ. ಬೇಕಾಗಿದ್ದಿದ್ದು ವಸ್ತು ಅಲ್ಲ, ಆ ಹೊತ್ತಿಗೆ ಏನಾದ್ರೂ ಒಂದು ನಡೀಬೇಕಿತ್ತು ಅಷ್ಟೇ. ಬಿಸಿ ಮನಸ್ಸಲ್ಲಿರೋವಾಗ ತಣ್ಣಗಿರೋ ನಾನು ಏನ್ ಯೋಚಿಸ್ತೀನಿ ಅಂತ ಊಹಿಸೋಕೇ ಆಗಲ್ಲ, ಮೇಲೆ ಹೇಳಿದ ಲೋವೆನ್‌ಸ್ಟೈನ್ ಇದರ ಬಗ್ಗೇನೂ ಬಹಳ ಕೆಲಸ ಮಾಡಿದಾರೆ. ಅದಕ್ಕೇ ಆ ಹೊತ್ತಲ್ಲಿ ವಾದ ಮಾಡ್ಕೊಂಡು ಗೆಲ್ಲೋ ಪ್ರಯತ್ನ ಬೇಡ, ಬರೆದಿಟ್ಟು ಮಲಗಿ.

ಎಷ್ಟು ದಿನ ಕಾಯ್ಬೇಕು ಅನ್ನೋದಕ್ಕೆ ನನ್ನ ಅಳತೆ ಇದು, ಬೇಕಾದ್ರೆ ಬದಲಾಯಿಸ್ಕೊಳ್ಳಿ: ಒಂದು ದಿನದ ದುಡಿಮೆಗಿಂತ ಕಮ್ಮಿ ಬೆಲೆ ಇದ್ರೆ ಮೂರು ದಿನ, ಒಂದು ವಾರದ ದುಡಿಮೆವರೆಗೂ ಹದಿನೈದು ದಿನ, ಅದಕ್ಕಿಂತ ಮೇಲೆ ಒಂದು ತಿಂಗಳು. ಕೆಟ್ಟು ಹೋದ ಚಾರ್ಜರ್, ಔಷಧಿ ಇಂಥದ್ದಕ್ಕೆ ಕಾಯೋದೇನೂ ಬೇಡ, ಅದು ಇಂಪಲ್ಸ್ ಅಲ್ಲ. ಅವಧಿ ಮುಗಿದ ಮೇಲೂ ಬೇಕು ಅನ್ಸಿದ್ರೆ ಕೊಳ್ಳಿ, ಸಂತೋಷವಾಗಿ ಕೊಳ್ಳಿ, ತಪ್ಪಿತಸ್ಥ ಭಾವನೆ ಯಾಕೆ.

ನಾಲ್ಕನೇ ಕೆಲಸ: ಪರದೆ ಮೇಲಿನ ಅವಸರ ನಿಜಾನಾ ಅಂತ ಪರೀಕ್ಷೆ ಮಾಡಿ

2019ರಲ್ಲಿ ಪ್ರಿನ್ಸ್‌ಟನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 11 ಸಾವಿರ ಶಾಪಿಂಗ್ ಸೈಟುಗಳನ್ನ ಪ್ರೋಗ್ರಾಂ ಬಿಟ್ಟು ಜಾಲಾಡಿದ್ರು, ಗಿರಾಕೀನ ದಾರಿ ತಪ್ಪಿಸೋ ಅಥವಾ ತಳ್ಳೋ ತಂತ್ರಗಳ 1,818 ಉದಾಹರಣೆ ಸಿಕ್ಕಿದ್ವು. ಕೆಲವು ಕೌಂಟ್‌ಡೌನ್ ಸೊನ್ನೆ ಆದ್ಮೇಲೂ ಆಫರ್ ಹಾಗೇ ಇತ್ತು. ಈಗ ತಾನೇ ಇಂಥವರು ಇದನ್ನ ಕೊಂಡ್ರು ಅನ್ನೋ ಪಾಪ್‌ಅಪ್ ಕೆಲವು ಕಡೆ ಸುಮ್ನೆ ರ್‍ಯಾಂಡಮ್ಮಾಗಿ ಹುಟ್ಟಿಸಿದ್ದು. ಇಂಥವಕ್ಕೆ ಡಾರ್ಕ್ ಪ್ಯಾಟರ್ನ್ ಅನ್ನೋ ಹೆಸರಿಟ್ಟಿದ್ದು ಹ್ಯಾರಿ ಬ್ರಿಗ್ನಲ್ ಅನ್ನೋ ಡಿಸೈನರ್, 2010ರಲ್ಲಿ.

ನೀವು ಮಾಡ್ಬೇಕಾಗಿದ್ದು ಸುಲಭ. ಟೈಮರ್ ಓಡ್ತಿದ್ರೆ ಅದೇ ಪೇಜನ್ನ ಪ್ರೈವೇಟ್ ವಿಂಡೋದಲ್ಲಿ ಓಪನ್ ಮಾಡಿ, ಅಲ್ಲಿ ಮತ್ತೆ ಮೊದಲಿಂದ ಶುರುವಾದ್ರೆ ಸುಳ್ಳು ಅಂತ ಅರ್ಥ. ಒಂದೇ ಉಳಿದಿದೆ ಅಂದ್ರೆ ಮೂರು ದಿನ ಬಿಟ್ಟು ಬನ್ನಿ, ಬಹಳ ಸಲ ಆ ಒಂದು ಅಲ್ಲೇ ಇರುತ್ತೆ. ಗೀಟು ಹೊಡೆದ ಬೆಲೆ ಕಡೆ ನೋಡ್ಲೇಬೇಡಿ, ಆ ಬೆಲೆಗೆ ಯಾವತ್ತಾದ್ರೂ ಮಾರಿದ್ರಾ ಅನ್ನೋದು ಬೇರೆ ವಿಷ್ಯ, ಹಳೇ ಬೆಲೆ ತೋರಿಸೋ ಕೀಪಾ ಥರದ ಟ್ರ್ಯಾಕರ್ ಇವೆ. ಕೊನೇ ಪೇಜಲ್ಲಿ ಮುಂಚೇನೇ ಟಿಕ್ ಆಗಿರೋ ವಾರಂಟಿ, ಇನ್ಶೂರೆನ್ಸ್, ಮೆಂಬರ್‌ಶಿಪ್ ಟ್ರಯಲ್ ಎಲ್ಲಾ ತೆಗೀರಿ.

ಫ್ರೀ ಡೆಲಿವರಿ ಬಗ್ಗೆ ಮಾತ್ರ ಒಂದು ಮಾತು. ಡೆಲಿವರಿ ಚಾರ್ಜ್ 50 ಉಳಿಸೋಕೆ 300ರ ಇನ್ನೊಂದು ವಸ್ತು ಸೇರಿಸ್ತೀವಿ, ಆಮೇಲೆ ಉಳಿಸಿದೆ ಅಂತ ಖುಷಿ ಬೇರೆ. ನನ್ನ ಕಪಾಟಲ್ಲಿ ಹಾಗೆ ಬಂದ ಫೋನ್ ಸ್ಟ್ಯಾಂಡೇ ನಾಲ್ಕಿದೆ.

ಐದನೇ ಕೆಲಸ: ಕಂತಿನ ಲೆಕ್ಕ ನೀವೇ ಹಾಕಿ

ಇದು ಸ್ವಲ್ಪ ಬೋರು, ಆದ್ರೆ ದುಡ್ಡು ಇಲ್ಲೇ ಇರೋದು. ಕೆಳಗಿನ ಸಂಖ್ಯೆಗಳು ಲೆಕ್ಕಕ್ಕೆ ಅಂತ ತಗೊಂಡಿದ್ದು, ಯಾವ ದುಡ್ಡು ಬೇಕಾದ್ರೂ ಅಂದ್ಕೊಳ್ಳಿ.

ನಾಲ್ಕು ಕಂತಿನದು ನೋಡಿ. 4,000ದ ವಸ್ತು, ಇವತ್ತು 1,000, ಆಮೇಲೆ ಎರಡೆರಡು ವಾರಕ್ಕೆ ಒಂದೊಂದು ಸಾವಿರ, ಆರು ವಾರಕ್ಕೆ ಮುಗೀತು. ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀ ಬರೀ 100. ಬರೀ ನೂರು ತಾನೇ ಅನ್ಸುತ್ತೆ. ಆದ್ರೆ ಅವರು ನಿಮಗೆ ಕೊಟ್ಟಿರೋ ಸಾಲ ಮೊದಲ ಎರಡು ವಾರ 3,000, ಆಮೇಲೆ 2,000, ಆಮೇಲೆ 1,000, ಸರಾಸರಿ 2,000. ಅದರ ಮೇಲೆ ಆರು ವಾರಕ್ಕೆ 100 ಅಂದ್ರೆ 5 ಪರ್ಸೆಂಟ್, ವರ್ಷಕ್ಕೆ ಹಿಗ್ಗಿಸಿದ್ರೆ 43 ಪರ್ಸೆಂಟ್ ಹತ್ರ! ಲೇಟ್ ಫೀಗೂ ಇದೇ ಲೆಕ್ಕ, ಜೊತೆಗೆ ಆಟೋ ಡೆಬಿಟ್ ಬೌನ್ಸ್ ಆದ್ರೆ ಕಂತಿನ ಕಂಪನಿ ಒಂದು ಫೀ ಹಾಕಿ, ನಿಮ್ಮ ಬ್ಯಾಂಕೂ ಇನ್ನೊಂದು ಹಾಕಬಹುದು, ಒಂದೇ ತಪ್ಪಿಗೆ ಎರಡು ಕಡೆ ದಂಡ.

ನೋ ಕಾಸ್ಟ್ ಇಎಂಐ ಇನ್ನೂ ಚೆನ್ನಾಗಿದೆ. 12,000ದ ವಸ್ತು, ಆರು ತಿಂಗಳು ಎರಡೆರಡು ಸಾವಿರ, ಬಡ್ಡಿ ಸೊನ್ನೆ. ಪಕ್ಕದಲ್ಲೇ ಸಣ್ಣಕ್ಷರದಲ್ಲಿ, ಒಂದೇ ಸಲ ಕೊಟ್ರೆ 1,000 ಡಿಸ್ಕೌಂಟ್. ಅಂದ್ರೆ ಆ ವಸ್ತುವಿನ ನಿಜವಾದ ಬೆಲೆ 11,000, ನೀವು 11,000 ಸಾಲ ತಗೊಂಡು ಆರು ತಿಂಗಳಲ್ಲಿ 12,000 ಕಟ್ತಿದೀರಿ. ಕಂತು ಕಟ್ತಾ ಕಟ್ತಾ ಸಾಲ ಇಳೀತಿರುತ್ತೆ ಅನ್ನೋದನ್ನ ಸೇರಿಸಿ ಲೆಕ್ಕ ಹಾಕಿದ್ರೆ ವರ್ಷಕ್ಕೆ 30 ಪರ್ಸೆಂಟ್ ಮೇಲೆ ಬೀಳುತ್ತೆ. ಸೊನ್ನೆ ಅಂತ ಬರೆದಿದ್ದು ಬಡ್ಡಿ ಕಾಲಂ ಒಳಗೆ ಮಾತ್ರ. ಹಾಗಾಗಿ ಯಾವಾಗ್ಲೂ ಮೊದ್ಲು ಕೇಳ್ಬೇಕಾದ ಪ್ರಶ್ನೆ, ಇವತ್ತೇ ಪೂರ್ತಿ ಕೊಟ್ರೆ ಎಷ್ಟು? ಎರಡೂ ಒಂದೇ ಮೊತ್ತ, ಫೀ ಇಲ್ಲ ಅಂದ್ರೆ ಮಾತ್ರ ಅದು ನಿಜವಾಗ್ಲೂ ನೋ ಕಾಸ್ಟ್.

ಫ್ಲ್ಯಾಟ್ ರೇಟ್ ಅಂದ್ರೆ ಹುಷಾರು. 12,000ಕ್ಕೆ 12 ಪರ್ಸೆಂಟ್ ಫ್ಲ್ಯಾಟ್, 12 ತಿಂಗಳು, ಬಡ್ಡಿ 1,440, ತಿಂಗಳಿಗೆ 1,120. ಪ್ರತಿ ತಿಂಗಳು ನೀವು ಅಸಲು ತೀರಿಸ್ತಿದ್ರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ ಅಸಲಿನ ಮೇಲೆ, ಉಳಿದ ಅಸಲಿನ ಮೇಲೆ ಮಾತ್ರ ಹಾಕೋ ಬ್ಯಾಂಕಿನ ಇಳಿಕೆ ಬಡ್ಡಿ ಲೆಕ್ಕದಲ್ಲಿ ಅದು 21, 22 ಪರ್ಸೆಂಟಿಗೆ ಸಮ. ಇನ್ನು ಕೆಲವು ಕಡೆ ಇಂತಿಷ್ಟು ತಿಂಗಳೊಳಗೆ ಪೂರ್ತಿ ತೀರಿಸಿದ್ರೆ ಬಡ್ಡಿ ಇಲ್ಲ ಅಂತಾರೆ, ಕೊನೇ ದಿನಕ್ಕೆ ಸ್ವಲ್ಪ ಬಾಕಿ ಉಳಿದ್ರೂ ಮೊದಲ ದಿನದಿಂದ ಬಡ್ಡಿ ಹಾಕ್ತಾರೆ. ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ ಕೂಡ ಅದೇ ಜಾತಿ, ಅದನ್ನ ಕಟ್ಟಿದ್ರೆ ಲೇಟ್ ಫೀ ತಪ್ಪುತ್ತೆ, ಬಡ್ಡಿ ತಪ್ಪಲ್ಲ.

ಆರನೇ ಕೆಲಸ: ಬಳಸಲೇಬೇಕು ಅಂದ್ರೆ

ಪೇ ಲೇಟರನ್ನ ಯಾವತ್ತೂ ಮುಟ್ಟಬಾರ್ದು ಅಂತ ನಾನು ಹೇಳಲ್ಲ. ಫ್ರಿಜ್ಜು ಕೆಟ್ಟೋಯ್ತು, ಸಂಬಳಕ್ಕೆ ಹದಿನೈದು ದಿನ ಇದೆ, ಫೀ ಇಲ್ಲದ ಕಂತು ಸಿಗ್ತಿದೆ ಅಂದ್ರೆ ಅದು ಒಳ್ಳೇ ಉಪಯೋಗಾನೇ. ನಾನೀಗ ಇಟ್ಕೊಂಡಿರೋ ಷರತ್ತು ಇಷ್ಟು. ಒಂದು ಸಲಕ್ಕೆ ಒಂದೇ ಸಾಲ, ಹಳೇದು ತೀರೋವರೆಗೂ ಹೊಸದಿಲ್ಲ. ಕೊನೇ ಕಂತಿಗಿಂತ ವಸ್ತು ಜಾಸ್ತಿ ದಿನ ಬಾಳ್ಬೇಕು. ಕಂತಿನ ತಾರೀಕು ಸಂಬಳ ಬಂದ ಎರಡು ಮೂರು ದಿನಕ್ಕೆ ಇರ್ಬೇಕು. ಕಂತನ್ನ ಕ್ರೆಡಿಟ್ ಕಾರ್ಡಿಗೆ ಲಿಂಕ್ ಮಾಡ್ಬಾರ್ದು, ಮಾಡಿದ್ರೆ ಸಾಲದಿಂದ ಸಾಲ ತೀರಿಸಿದ ಹಾಗೆ. ಅರ್ಜೆಂಟ್ ಅಲ್ಲದ ವಸ್ತು ಆದ್ರೆ ಪೂರ್ತಿ ದುಡ್ಡು ಈಗ್ಲೇ ಬೇರೆ ಅಕೌಂಟಲ್ಲಿ ಎತ್ತಿಟ್ಟಿರ್ಬೇಕು. ಇದನ್ನ ಕೇಳಿ ಒಬ್ಬ ಫ್ರೆಂಡ್ ನಕ್ಕ, ದುಡ್ಡಿದ್ರೆ ಪೇ ಲೇಟರ್ ಯಾಕೋ ಅಂತ. ಹೌದಲ್ಲ, ಅದಕ್ಕೇ ಆ ಷರತ್ತು.

ಇನ್ನೊಂದು ಉಪಾಯ ಇದೆ, ಕಂತನ್ನ ತಿರುಗಿಸಿ ಹಾಕೋದು. ತಿಂಗಳಿಗೆ 2,000 ಕಟ್ಟೋಕೆ ಆಗುತ್ತೆ ಅಂತ ಅನ್ಸಿದ್ರೆ ಕೊಳ್ಳೋಕೆ ಮುಂಚೇನೇ ಎರಡು ತಿಂಗಳು ಆ 2,000ವನ್ನ ಬೇರೆ ಅಕೌಂಟಿಗೆ ಕಟ್ಟಿ ನೋಡಿ. ಕಷ್ಟ ಆದ್ರೆ ಗೊತ್ತಾಯ್ತಲ್ಲ, ಕಷ್ಟ ಆಗ್ಲಿಲ್ಲ ಅಂದ್ರೆ 4,000 ಕೈಲಿದೆ.

ಈಗಾಗ್ಲೇ ಸಿಕ್ಕಾಕೊಂಡಿದ್ರೆ

ಹೊಸ ಕಂತು ಅವತ್ತೇ ನಿಲ್ಲಿಸಿ. ಮನೆ ಬಾಡಿಗೆ, ಕರೆಂಟು, ಔಷಧಿ ಮೊದ್ಲು, ಕಂತು ಆಮೇಲೆ. ಕಟ್ಟೋಕೆ ಆಗಲ್ಲ ಅಂತ ಗೊತ್ತಾದ್ರೆ ತಾರೀಕಿಗೆ ಮುಂಚೇನೇ ಕಂಪನಿಗೆ ಬರೀರಿ, ಫೋನಿಗಿಂತ ಮೇಲ್ ಅಥವಾ ಚಾಟ್ ಒಳ್ಳೇದು, ದಾಖಲೆ ಇರುತ್ತೆ. ತಾರೀಕು ಮುಂದೂಡಿ, ಕಂತು ಸಣ್ಣದು ಮಾಡಿ ಅಂತ ಕೇಳಿದ್ರೆ ಎಷ್ಟೋ ಕಡೆ ಒಪ್ತಾರೆ, ತಪ್ಪಿದ ಮೇಲೆ ಕೇಳೋದಕ್ಕೂ ಮುಂಚೆ ಕೇಳೋದಕ್ಕೂ ಬಹಳ ವ್ಯತ್ಯಾಸ. ಕೈಲಿ ಸ್ವಲ್ಪ ದುಡ್ಡಿದ್ರೆ ಲೇಟ್ ಫೀ ಬಡ್ಡಿ ಎರಡೂ ಜಾಸ್ತಿ ಇರೋದನ್ನ ಮೊದ್ಲು ಮುಗಿಸಿ, ಬೇಗ ಕ್ಲೋಸ್ ಮಾಡಿದ್ರೆ ಫೀ ಇದೆಯಾ ನೋಡ್ಕೊಂಡು. ಈ ಕಂತು ಕಟ್ಟೋಕೆ ಆ ಆಪ್ಪಲ್ಲಿ ಸಾಲ ಅನ್ನೋದು ಮಾತ್ರ ಬೇಡವೇ ಬೇಡ. ಮನೇಲಿ ಒಬ್ಬರಿಗಾದ್ರೂ ಹೇಳಿ, ನನಗೆ ಅದೇ ಎಲ್ಲಕ್ಕಿಂತ ಕಷ್ಟ ಆಗಿದ್ದು, ಏಳು ಕಂತಿಗಿಂತ.

ಬಚ್ಚಿಟ್ಟು ಕೊಳ್ಳೋದು, ಕೊಂಡಿದ್ದನ್ನ ಓಪನ್ನೂ ಮಾಡ್ದೆ ಇನ್ನೊಂದು ಕೊಳ್ಳೋದು, ನಿಲ್ಲಿಸ್ಬೇಕು ಅಂದ್ರೂ ಆಗ್ತಿಲ್ಲ ಅನ್ನೋ ಹಂತಕ್ಕೆ ಹೋಗಿದ್ರೆ ಈ ಲೇಖನದ ಸ್ಟೆಪ್ಪು ಸಾಲಲ್ಲ. ಎಮಿಲ್ ಕ್ರೆಪೆಲಿನ್ ಅನ್ನೋ ಜರ್ಮನ್ ಮನೋವೈದ್ಯರು ನೂರು ವರ್ಷದ ಹಿಂದೇನೇ ಇದನ್ನ ಗುರುತಿಸಿ ಓನಿಯೊಮೇನಿಯಾ ಅಂತ ಕರೆದಿದ್ರು, ಆಪ್ಪೂ ಇರ್ಲಿಲ್ಲ ಕಾರ್ಡೂ ಇರ್ಲಿಲ್ಲ ಆಗ. ಕೌನ್ಸೆಲರ್ ಹತ್ರ ಹೋಗೋದ್ರಲ್ಲಿ ನಾಚಿಕೆ ಏನಿಲ್ಲ.

ಕೊನೇ ಕೆಲಸ, ಇದನ್ನ ಯಾರೂ ಹೇಳಲ್ಲ. ಪಾರ್ಸೆಲ್ ಬಂದ ತಕ್ಷಣ ಹರೀಬೇಡಿ. ವಾಪಸ್ ಕೊಡೋಕೆ ಕೊನೇ ದಿನ ಯಾವುದು ಅಂತ ನೋಡಿ ಡಬ್ಬದ ಮೇಲೆ ಪೆನ್ನಲ್ಲಿ ದೊಡ್ಡದಾಗಿ ಬರೆದು ಎರಡು ದಿನ ಎದುರಿಗೇ ಇಡಿ. ಬೇಡ ಅನ್ಸಿದ್ರೆ ಸೀಲ್ ಒಡೆಯದೆ ರಿಟರ್ನ್ ಹಾಕಿ, ಹಾಕಿದ ಮೇಲೆ ಅಂಗಡಿಗೂ ಹೇಳಿ, ಕಂತಿನ ಕಂಪನಿಗೂ ಬೇರೆಯಾಗಿ ಹೇಳಿ, ಯಾಕಂದ್ರೆ ಅವರಿಬ್ಬರೂ ಬೇರೆ ಬೇರೆ. ನಾನು ಹೇಳ್ಲಿಲ್ಲ. ಹೆಡ್‌ಫೋನ್ ಥರದ್ದೇ ಇನ್ನೊಂದನ್ನ ಹೀಗೆ ವಾಪಸ್ ಕಳಿಸಿದ್ದೆ, ರಿಫಂಡ್ ಬರೋಕೆ ಒಂಬತ್ತು ದಿನ ಆಯ್ತು, ಅಷ್ಟರಲ್ಲಿ ಮನೇಲಿಲ್ಲದ ವಸ್ತುವಿಗೆ ಎರಡನೇ ಕಂತು ಕಟ್ಟಾಗಿ ಹೋಗಿತ್ತು.